ಕ್ರೋಮೈಟ್ ಪದರ ಪದರವಾಗಿ ಹೇಗೆ ಕೂರತ್ತೆ? ಪದೇ ಪದೇ ಕೇಳೋ ಪ್ರಶ್ನೆಗಳು

ಜಿಯಾಲಜಿ ಓದೋ ಹುಡುಗ್ರು, ಗಣಿ ಕಡೆ ಕೆಲಸ ಮಾಡೋರು, ಸುಮ್ನೆ ಕಲ್ಲು ಮಣ್ಣು ಅಂದ್ರೆ ಇಷ್ಟ ಅನ್ನೋರು ಎಲ್ಲರೂ ಕೇಳೋ ಪ್ರಶ್ನೆಗಳನ್ನ ಒಂದು ಕಡೆ ಹಾಕಿದೀನಿ. ಉದಾಹರಣೆ ಬಹುಪಾಲು ದಕ್ಷಿಣ ಆಫ್ರಿಕಾದ ಬುಶ್‌ವೆಲ್ಡ್ ಅನ್ನೋ ದೊಡ್ಡ ಶಿಲಾಸಮೂಹದ್ದು, ಯಾಕಂದ್ರೆ ಪದರದ ಕ್ರೋಮೈಟ್ ಅಂದ್ರೆ ಪ್ರಪಂಚದಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ನಮ್ಮ ಹಾಸನ ಜಿಲ್ಲೆ ನುಗ್ಗೇಹಳ್ಳಿ ಕಥೆನೂ ಕೊನೆ ಕಡೆ ಇದೆ, ಅದಕ್ಕೋಸ್ಕರ ಬಂದಿರೋರು ನೇರ ಅಲ್ಲಿಗೇ ಹೋಗಬಹುದು.

ಕ್ರೋಮೈಟ್ ಅಂದ್ರೆ ಏನು? ಕ್ರೋಮಿಯಂ ಬೇರೆ ಯಾವುದರಿಂದಲೂ ಬರಲ್ವಾ?

ಕ್ರೋಮೈಟ್ ಅನ್ನೋದು ಸ್ಪಿನೆಲ್ ಗುಂಪಿನ ಒಂದು ಖನಿಜ. ಕಬ್ಬಿಣ, ಕ್ರೋಮಿಯಂ, ಆಕ್ಸಿಜನ್ ಇದರ ಮುಖ್ಯ ಸಾಮಾನು, ಆದ್ರೆ ಪ್ರಕೃತಿಯಲ್ಲಿ ಸಿಗೋದ್ರಲ್ಲಿ ಮೆಗ್ನೀಸಿಯಂ ಅಲ್ಯೂಮಿನಿಯಂ ಕೂಡ ಸೇರ್ಕೊಂಡೇ ಇರತ್ತೆ, ಎಷ್ಟು ಸೇರಿದೆ ಅನ್ನೋದರ ಮೇಲೆ ಅದಿರಿನ ಬೆಲೆ ನಿಲ್ಲತ್ತೆ. ಕಪ್ಪು ಬಣ್ಣ, ಸಾಂದ್ರತೆ ಸುಮಾರು 4.5, ಅಂದ್ರೆ ಕೈಯಲ್ಲಿ ಎತ್ತಿದ ತಕ್ಷಣ ಭಾರ ಗೊತ್ತಾಗತ್ತೆ. ಕ್ರೋಮಿಯಂ ಇರೋ ಖನಿಜ ಬೇರೆನೂ ಇದಾವೆ, ಆದ್ರೆ ಗಣಿ ಮಾಡೋಕೆ ಲಾಯಕ್ಕಾದ್ದು ಅಂದ್ರೆ ಇದೊಂದೇ. ಇದನ್ನ ಫರ್ನೇಸಲ್ಲಿ ಕರಗಿಸಿ ಫೆರೋಕ್ರೋಮ್ ಮಾಡ್ತಾರೆ, ಅದು ಹೋಗೋದು ಸ್ಟೇನ್‌ಲೆಸ್ ಸ್ಟೀಲಿಗೆ. ಸ್ಟೀಲಿಗೆ ಕನಿಷ್ಠ 10.5% ಕ್ರೋಮಿಯಂ ಹಾಕಿದ್ರೆನೇ ಅದಕ್ಕೆ ಸ್ಟೇನ್‌ಲೆಸ್ ಅನ್ನೋ ಹೆಸರು, ಸೋ ನಿಮ್ಮ ಅಡುಗೆಮನೆ ತಟ್ಟೆ ಲೋಟದಲ್ಲೂ ಇದು ಇದ್ದೇ ಇದೆ.

ಅಲ್ಟ್ರಾಮೇಫಿಕ್ ಶಿಲೆ ಅಂತ ಯಾವುದಕ್ಕೆ ಹೇಳ್ತಾರೆ?

ಮೆಗ್ನೀಸಿಯಂ, ಕಬ್ಬಿಣ ಜಾಸ್ತಿ, ಸಿಲಿಕಾ ಕಮ್ಮಿ ಇರೋ ಅಗ್ನಿಶಿಲೆಗಳು. ಬರೀ ಆಲಿವೀನ್ ಅನ್ನೋ ಖನಿಜ ತುಂಬಿದ್ರೆ ಡ್ಯೂನೈಟ್, ಆಲಿವೀನ್ ಜೊತೆ ಪೈರಾಕ್ಸೀನ್ ಅನ್ನೋ ಇನ್ನೊಂದು ಖನಿಜ ಸೇರಿದ್ರೆ ಪೆರಿಡೊಟೈಟ್, ಬರೀ ಪೈರಾಕ್ಸೀನ್ ಆದ್ರೆ ಪೈರಾಕ್ಸಿನೈಟ್. ಗ್ರಾನೈಟಿಗೂ ಇದಕ್ಕೂ ಅಜಗಜಾಂತರ. ನೀರು ತಾಗಿ ಕಾಲಾಂತರದಲ್ಲಿ ಇವು ಸರ್ಪೆಂಟಿನೈಟ್ ಆಗತ್ತೆ, ಇನ್ನೂ ಬದಲಾದ್ರೆ ಟಾಲ್ಕ್, ಕ್ಲೋರೈಟ್ ತುಂಬಿದ ಮೆತ್ತನೆ ಕಲ್ಲಾಗತ್ತೆ, ಅದೇ ನಮ್ಮ ಬಳಪದ ಕಲ್ಲು.

ಪದರದ ನಿಕ್ಷೇಪ ನೋಡೋಕೆ ಹೇಗಿರತ್ತೆ?

ಫೋಟೋಲಿ ನೋಡಿದ್ರೆ ಯಾರೋ ಸ್ಕೇಲ್ ಇಟ್ಟು ಗೆರೆ ಎಳೆದಿದಾರೇನೋ ಅನ್ಸತ್ತೆ. ಬುಶ್‌ವೆಲ್ಡ್‌ನ ಪೂರ್ವ ಭಾಗದಲ್ಲಿ ದ್ವಾರ್ಸ್ ನದಿ ಅಂತ ಇದೆ, ಅದರ ದಂಡೆಲಿ ಯುಜಿ1 ಅನ್ನೋ ಪದರದ ಬುಡ ಹೊರಗೆ ಕಾಣತ್ತೆ. ಬಿಳಿ ಅನಾರ್ಥೊಸೈಟ್ ಕಲ್ಲಿನ ಮೇಲೆ ಕಡುಕಪ್ಪು ಕ್ರೋಮೈಟ್ ಪಟ್ಟಿಗಳು. ಸ್ವಲ್ಪ ಹತ್ರ ಹೋಗಿ ನೋಡಿದ್ರೆ ಆ ಪಟ್ಟಿಗಳು ಅಷ್ಟೇನೂ ನೆಟ್ಟಗಿಲ್ಲ, ಒಂದು ಪಟ್ಟಿ ಹೋಗ್ತಾ ಹೋಗ್ತಾ ಎರಡಾಗಿ ಕವಲೊಡೆಯತ್ತೆ, ನಡುವೆ ಬಿಳಿ ಕಲ್ಲಿನ ಮಸೂರದ ಆಕಾರದ ತುಂಡು, ಆಮೇಲೆ ಮತ್ತೆ ಸೇರ್ಕೊಳತ್ತೆ. ಬರೀ ಒಂದರ ಮೇಲೊಂದು ಶಾಂತವಾಗಿ ಕೂತಿದ್ರೆ ಹೀಗೆ ಕವಲು ಯಾಕೆ ಬರ್ಬೇಕಿತ್ತು ಹೇಳಿ. ಈ ಪ್ರಶ್ನೆ ತಲೇಲಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಇಡೀ ಬುಶ್‌ವೆಲ್ಡ್ ಎಷ್ಟು ದೊಡ್ಡದು ಅಂದ್ರೆ ಸುಮಾರು 65,000 ಚದರ ಕಿಮೀ, ಕರ್ನಾಟಕದ ಮೂರನೇ ಒಂದು ಪಾಲು ಅನ್ಕೊಳ್ಳಿ. ಪದರದ ಶಿಲೆಗಳ ಒಟ್ಟು ದಪ್ಪ 7ರಿಂದ 9 ಕಿಮೀ. ಅದರ ನಡುವೆ ಕ್ರಿಟಿಕಲ್ ಜೋನ್ ಅಂತ ಒಂದು ಭಾಗ, ಕ್ರೋಮೈಟ್ ಪದರ ಎಲ್ಲಾ ಅಲ್ಲಿ. ಕೆಳಗಿನವಕ್ಕೆ ಎಲ್‌ಜಿ, ನಡುವಿನವಕ್ಕೆ ಎಂಜಿ, ಮೇಲಿನವಕ್ಕೆ ಯುಜಿ ಅಂತ ಹೆಸರಿಟ್ಟು ನಂಬರ್ ಕೊಟ್ಟಿದಾರೆ. ಎಲ್‌ಜಿ ಪದರಗಳು ಪೈರಾಕ್ಸಿನೈಟ್ ಒಳಗಿವೆ ಅಂದ್ರೆ ಪಕ್ಕಾ ಅಲ್ಟ್ರಾಮೇಫಿಕ್, ಯುಜಿಗೆ ಬರೋ ಹೊತ್ತಿಗೆ ನೋರೈಟ್, ಅನಾರ್ಥೊಸೈಟ್ ಥರದ ಬೇರೆ ಕಲ್ಲುಗಳೂ ಸೇರ್ಕೊಂಡಿರತ್ತೆ. ಎಲ್‌ಜಿ6, ಯುಜಿ2 ಇವೆರಡೂ ಗಣಿಯವರಿಗೆ ಮುಖ್ಯ. ದಪ್ಪ ಸುಮಾರು ಒಂದು ಮೀಟರ್ ಆಸುಪಾಸು ಅಷ್ಟೇ, ಆದ್ರೆ ನೂರಾರು ಕಿಮೀ ಉದ್ದಕ್ಕೂ ಅದೇ ಪದರ ಸಿಗ್ತಾ ಹೋಗತ್ತೆ.

ಕ್ರೋಮೈಟ್ ಭಾರ, ಶಿಲಾಪಾಕದಲ್ಲಿ (ಭೂಮಿ ಒಳಗಿನ ಕರಗಿದ ಕಲ್ಲು, ಅಂದ್ರೆ ಮ್ಯಾಗ್ಮಾ) ಮುಳುಗಿ ತಳದಲ್ಲಿ ಕೂತ್ಕೊಳ್ತು, ಅಷ್ಟೇ ಅಲ್ವಾ?

ಎಷ್ಟೋ ಪುಸ್ತಕದಲ್ಲಿ ಇಷ್ಟೇ ಬರೆದು ಮುಂದಿನ ಚಾಪ್ಟರಿಗೆ ಹೋಗಿಬಿಡ್ತಾರೆ, ಪರೀಕ್ಷೆಲಿ ಮಾರ್ಕ್ಸೂ ಬರತ್ತೆ. ಆದ್ರೆ ಪೇಪರ್ ಪೆನ್ನು ಹಿಡ್ಕೊಂಡು ಲೆಕ್ಕ ಹಾಕಿದ್ರೆ ಕಥೆ ನಿಲ್ಲಲ್ಲ.

ದ್ರವದಲ್ಲಿ ಕಣ ಮುಳುಗೋ ವೇಗಕ್ಕೆ ಸ್ಟೋಕ್ಸ್ ನಿಯಮ ಇದೆ. ಸಾಂದ್ರತೆಯ ವ್ಯತ್ಯಾಸ ಜಾಸ್ತಿ ಆದಷ್ಟು ವೇಗ ಜಾಸ್ತಿ, ಸರಿ, ಆದ್ರೆ ಕಣದ ತ್ರಿಜ್ಯ ಇದೆಯಲ್ಲ ಅದು ವರ್ಗದ ಲೆಕ್ಕದಲ್ಲಿ ಬರತ್ತೆ. ಶಿಲಾಪಾಕದ ಸಾಂದ್ರತೆ 2.7, ಕ್ರೋಮೈಟ್ 4.5, ಆಲಿವೀನ್ 3.3 ಅಂತ ಹಿಡಿದ್ರೆ ವ್ಯತ್ಯಾಸ ಕ್ರೋಮೈಟಿಗೆ 1.8, ಆಲಿವೀನ್‌ಗೆ 0.6, ಅಂದ್ರೆ ಮೂರು ಪಟ್ಟು ಕ್ರೋಮೈಟ್ ಮುಂದು. ಈಗ ಸೈಜ್ ನೋಡಿ. ಕ್ರೋಮೈಟ್ ಹರಳು ಸಾಮಾನ್ಯವಾಗಿ ತೀರಾ ಸಣ್ಣದು, 0.2 ಮಿಮೀ ಅಂತಿಟ್ಕೊಳ್ಳಿ, ಆಲಿವೀನ್ ಸಲೀಸಾಗಿ 2 ಮಿಮೀ ಇರತ್ತೆ. ಹತ್ತು ಪಟ್ಟು ದೊಡ್ಡದು ಅಂದ್ರೆ ವೇಗದಲ್ಲಿ ನೂರು ಪಟ್ಟು. ಆ ನೂರನ್ನ ಮೂರರಿಂದ ಭಾಗಿಸಿದ್ರೂ ಆಲಿವೀನ್ 33 ಪಟ್ಟು ಬೇಗ ಮುಳುಗತ್ತೆ. ಸ್ನಿಗ್ಧತೆ 50 ಪಾಸ್ಕಲ್ ಸೆಕೆಂಡ್ ಅಂತ ಹಾಕಿದ್ರೆ ಆಲಿವೀನ್ ದಿನಕ್ಕೆ ಎರಡು ಮೀಟರ್ ಮೇಲೆ ಇಳಿಯತ್ತೆ, ಕ್ರೋಮೈಟ್ 7 ಸೆಂಮೀ ಇಳಿಯೋಕೂ ತಿಣುಕಾಡತ್ತೆ. ಅಂದ್ರೆ ಎರಡೂ ಒಟ್ಟಿಗೆ ಹುಟ್ಟಿ ಒಟ್ಟಿಗೆ ಮುಳುಗಿದ್ರೆ ತಳದಲ್ಲಿ ಮೊದ್ಲು ಕೂರಬೇಕಾದ್ದು ಆಲಿವೀನ್. ಭಾರ ಇದ್ದದ್ದಕ್ಕೇ ಬೇರೆ ಆಯ್ತು ಅನ್ನೋದು ಇಲ್ಲಿಗೆ ಬಿದ್ದು ಹೋಯ್ತು.

ಹರಳು ಮುಳುಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ ಮತ್ತೆ, ಮುಳುಗತ್ತೆ, ಆದ್ರೆ ಬರೀ ಅದರಿಂದ ಪದರ ಬರಲ್ಲ.

ಹಾಗಾದ್ರೆ ನಿಜವಾದ ಕಗ್ಗಂಟು ಯಾವುದು?

ಎರಡಿವೆ. ಮೊದಲನೇದು, ಕ್ರೋಮೈಟ್ ಒಂಟಿಯಾಗಿ ಯಾಕೆ ಬಂತು ಅನ್ನೋದು. ಮೆಗ್ನೀಸಿಯಂ ಜಾಸ್ತಿ ಇರೋ ಶಿಲಾಪಾಕ 1,200-1,300 ಡಿಗ್ರಿ ಆಸುಪಾಸಿಗೆ ತಣ್ಣಗಾಗೋವಾಗ ಆಲಿವೀನ್ ಕ್ರೋಮೈಟ್ ಎರಡೂ ಜೊತೆ ಜೊತೆಗೇ ಹರಳಾಗತ್ತೆ, ಅದೂ ಯಾವ ಪ್ರಮಾಣದಲ್ಲಿ? ನೂರು ಭಾಗದಲ್ಲಿ 98-99 ಭಾಗ ಆಲಿವೀನ್, ಒಂದೋ ಎರಡೋ ಭಾಗ ಕ್ರೋಮೈಟ್. ಸಾಮಾನ್ಯ ಡ್ಯೂನೈಟ್ ತುಂಡು ತಗೊಂಡು ನೋಡಿದ್ರೂ ಅಷ್ಟೇ, ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ. ಹೀಗಿರೋವಾಗ ಮುಕ್ಕಾಲು ಪಾಲಿಗಿಂತ ಹೆಚ್ಚು ಕ್ರೋಮೈಟೇ ತುಂಬಿರೋ ಕಲ್ಲು ಬಂದದ್ದು ಹೇಗೆ?

ಎರಡನೇದು ಸರಕಿನ ಲೆಕ್ಕ, ಅಷ್ಟೊಂದು ಕ್ರೋಮಿಯಂ ಎಲ್ಲಿಂದ ಬಂತು ಅಂತ. ಅದಕ್ಕೆ ಆಮೇಲೆ ಬರ್ತೀನಿ.

ಆಲಿವೀನ್ ನಿಂತು ಕ್ರೋಮೈಟ್ ಮಾತ್ರ ಹುಟ್ಟೋಕೆ ಏನಾಗ್ಬೇಕು?

ಶಿಲಾಪಾಕದ ಸ್ಥಿತಿನ ಯಾವುದೋ ಒಂದು ಶಕ್ತಿ ಪಕ್ಕಕ್ಕೆ ತಳ್ಳಬೇಕು. ಆಲಿವೀನ್-ಕ್ರೋಮೈಟ್ ಜೊತೆಗೆ ಬರೋ ದಾರಿನ ಗ್ರಾಫಲ್ಲಿ ಒಂದು ಗೆರೆ ಅಂತ ಬರೀಬಹುದು, ಇದಕ್ಕೆ ಕೊಟೆಕ್ಟಿಕ್ ಗೆರೆ ಅಂತಾರೆ. ತಣ್ಣಗಾಗ್ತಾ ಶಿಲಾಪಾಕ ಆ ಗೆರೆ ಮೇಲೇ ನಡ್ಕೊಂಡು ಹೋಗತ್ತೆ. ಗೆರೆ ಬಿಟ್ಟು ಕ್ರೋಮೈಟ್ ಕಡೆಯ ಜಾಗಕ್ಕೆ ಸರಿದ್ರೆ, ವಾಪಸ್ ಗೆರೆಗೆ ಬರೋ ತನಕ ಕ್ರೋಮೈಟ್ ಒಂದೇ ಹುಟ್ತಾ ಇರತ್ತೆ.

ನೀಲ್ ಇರ್ವಿನ್ ಅನ್ನೋ ಭೂವಿಜ್ಞಾನಿ ಕೆನಡಾದ ಉತ್ತರದ ಮಸ್ಕಾಕ್ಸ್ ಅನ್ನೋ ಕಡೆ ಕೆಲಸ ಮಾಡಿ 1975ರಲ್ಲಿ ಒಂದು ದಾರಿ ಹೇಳಿದ್ರು: ಶಿಲಾಪಾಕ ಮೇಲೆ ಬರೋವಾಗ ಅಕ್ಕಪಕ್ಕದ ಸಿಲಿಕಾ ಜಾಸ್ತಿ ಇರೋ ಗ್ರಾನೈಟ್ ಜಾತಿ ಕಲ್ಲನ್ನ ಕರಗಿಸಿ ಒಳಗೆ ಸೇರಿಸ್ಕೊಂಡ್ರೆ ಹೀಗೆ ಪಕ್ಕಕ್ಕೆ ಸರಿಯತ್ತೆ ಅಂತ. 1977ರಲ್ಲಿ ಅವರೇ ಇನ್ನೊಂದು ಹೇಳಿದ್ರು, ನನಗೆ ಇದು ತುಂಬಾ ಇಷ್ಟ, ಯಾಕಂದ್ರೆ ಬರೀ ಸ್ಕೇಲ್ ಇದ್ರೆ ಸಾಕು ಅರ್ಥ ಆಗತ್ತೆ. ಆ ಕೊಟೆಕ್ಟಿಕ್ ಗೆರೆ ನೆಟ್ಟಗಿಲ್ಲ, ಬಾಗಿದೆ. ಈಗಾಗಲೇ ತಣ್ಣಗಾಗಿ ಗೆರೆಯಲ್ಲಿ ಮುಂದೆ ಹೋಗಿರೋ ಹಳೇ ಶಿಲಾಪಾಕ ಒಂದು ಬಿಂದು, ಕೆಳಗಿಂದ ಹೊಸದಾಗಿ ನುಗ್ಗಿದ ಬಿಸಿ ಶಿಲಾಪಾಕ ಇನ್ನೊಂದು ಬಿಂದು. ಎರಡೂ ಬೆರೆತ್ರೆ ಮಿಶ್ರಣ ಆ ಎರಡು ಬಿಂದು ಸೇರಿಸೋ ನೇರ ಗೆರೆ ಮೇಲೆ ಎಲ್ಲೋ ಕೂರತ್ತೆ. ಬಾಗಿದ ಗೆರೆಯ ಎರಡು ಬಿಂದುಗಳನ್ನ ಸ್ಕೇಲಲ್ಲಿ ಸೇರಿಸಿ ನೋಡಿ, ನಡುವಿನ ಭಾಗ ಗೆರೆ ಬಿಟ್ಟು ಒಂದು ಬದಿಗೆ ಬೀಳತ್ತೆ, ಆ ಬದಿನೇ ಕ್ರೋಮೈಟ್ ಜಾಗ. ಎರಡು ಶಿಲಾಪಾಕನೂ ಒಂಟಿಯಾಗಿದ್ದಾಗ ಆಲಿವೀನ್ ಕೊಡ್ತಿದ್ದವು, ಬೆರೆತ ತಕ್ಷಣ ಕ್ರೋಮೈಟ್ ಮಾತ್ರ ಕೊಡ್ತವೆ!

ಹೊಸ ಶಿಲಾಪಾಕ ಪದೇ ಪದೇ ನುಗ್ಗಿದ್ರೆ ಪದರನೂ ಪದೇ ಪದೇ ಬರಬೇಕಲ್ಲ, ಬುಶ್‌ವೆಲ್ಡಲ್ಲಿ ಕಾಣೋದೂ ಹಾಗೇ. ಜಿಂಬಾಬ್ವೆಯ ಗ್ರೇಟ್ ಡೈಕ್ ಅನ್ನೋ ಉದ್ದನೆ ಪದರದ ಶಿಲೆಯಲ್ಲಂತೂ ಒಂದೊಂದು ಆವರ್ತದ (ಮತ್ತೆ ಮತ್ತೆ ಬರೋ ಶಿಲೆಗಳ ಸರಣಿ) ಬುಡದಲ್ಲೂ ಒಂದು ಕ್ರೋಮೈಟ್ ಪದರ ಇರೋದು ಮಾಮೂಲಿ.

ಒತ್ತಡದ ಬದಲಾವಣೆ ಇನ್ನೊಂದು ದಾರಿ. ಆಳದಿಂದ ಶಿಲಾಪಾಕ ಬೇಗ ಮೇಲೆ ಬಂದ್ರೆ ಒತ್ತಡ ಇಳಿಯತ್ತೆ, ಕಮ್ಮಿ ಒತ್ತಡದಲ್ಲಿ ಕ್ರೋಮೈಟ್ ಹುಟ್ಟೋ ಜಾಗ ದೊಡ್ಡದಾಗತ್ತೆ, ಹಾಗಾಗಿ ಮೇಲೆ ಬಂದ ಶಿಲಾಪಾಕ ಮೊದ್ಲು ಕ್ರೋಮೈಟ್ ಒಂದನ್ನೇ ಬಿಡತ್ತೆ ಅಂತ. ಜೊಹಾನ್ಸ್‌ಬರ್ಗ್‌ನ ವಿಟ್ಸ್ ಯೂನಿವರ್ಸಿಟಿಯ ರೈಸ್ ಲಾಟಿಪೊವ್ ತಂಡ 2018ರಲ್ಲಿ ಇದನ್ನ ಜೋರಾಗಿ ಮುಂದಿಟ್ರು. ಆಕ್ಸಿಜನ್ ಪ್ರಮಾಣ ಜಾಸ್ತಿ ಆದ್ರೂ ಕ್ರೋಮೈಟಿಗೆ ಅನುಕೂಲ, ಯಾಕಂದ್ರೆ ಬಿಸಿ ಶಿಲಾಪಾಕದಲ್ಲಿ ಕ್ರೋಮಿಯಂನ ಒಂದು ಭಾಗ ಎರಡು ವೇಲೆನ್ಸಿಯಲ್ಲಿ ಕರಗಿರತ್ತೆ, ಆಕ್ಸಿಜನ್ ಸಿಕ್ಕಾಗ ಮೂರಕ್ಕೆ ಬದಲಾಗಿ ಹರಳಿಗೆ ಸೇರೋಕೆ ರೆಡಿ ಆಗತ್ತೆ. ಅಷ್ಟು ದೊಡ್ಡ ಜಾಗದಲ್ಲಿ ಏಕಕಾಲಕ್ಕೆ ಆಕ್ಸಿಜನ್ ಏರಿಸೋದು ಯಾರು ಅನ್ನೋ ಪ್ರಶ್ನೆಗೆ ಮಾತ್ರ ಸರಿಯಾದ ಉತ್ತರ ಸಿಗೋದು ಕಷ್ಟ, ಅದಕ್ಕೆ ಇದೊಂದನ್ನೇ ನಂಬಿರೋರು ಕಮ್ಮಿ.

ಒಂದು ಮೀಟರ್ ಕ್ರೋಮೈಟ್ ಪದರಕ್ಕೆ ಎಷ್ಟು ಶಿಲಾಪಾಕ ಬೇಕಾಗತ್ತೆ?

ಲೆಕ್ಕ ಹಾಕೋಣ, ಕಷ್ಟ ಏನಿಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮೀಟರ್ ದಪ್ಪ ಕ್ರೋಮೈಟ್ ಕಲ್ಲು ಅಂದ್ರೆ ಸುಮಾರು 4.2 ಟನ್. ಅದರಲ್ಲಿ ಕ್ರೋಮಿಯಂ ಶೇಕಡಾ 30 ಅಂತ ಹಿಡಿದ್ರೆ 1.26 ಟನ್ ಅಂದ್ರೆ 1,260 ಕಿಲೋ. ಈಗ ಶಿಲಾಪಾಕ ಎಷ್ಟು ಕೊಡತ್ತೆ? ಒಂದು ಟನ್ ಶಿಲಾಪಾಕದಲ್ಲಿ ಇರೋದೇ ಸುಮಾರು ಅರ್ಧ ಕಿಲೋದಿಂದ ಒಂದು ಕಿಲೋ ಕ್ರೋಮಿಯಂ, ಎಲ್ಲಾನೂ ಬಿಟ್ಟುಕೊಡಲ್ಲ, 300 ಗ್ರಾಂ ಬಿಡ್ತು ಅಂತ ಉದಾರವಾಗೇ ಇಟ್ಕೊಳ್ಳೋಣ. ಒಂದು ಘನ ಮೀಟರ್ ಶಿಲಾಪಾಕ 2.7 ಟನ್, ಸೋ ಸಿಗೋದು 0.81 ಕಿಲೋ. 1,260ನ್ನ 0.81ರಿಂದ ಭಾಗಿಸಿದ್ರೆ ಸುಮಾರು 1,550. ಅಂದ್ರೆ ಒಂದು ಮೀಟರ್ ಪದರಕ್ಕೆ ಅದರ ತಲೆ ಮೇಲೆ ಒಂದೂವರೆ ಕಿಮೀ ಎತ್ತರದ ಶಿಲಾಪಾಕ ನಿಂತಿರಬೇಕು, 100 ಗ್ರಾಂ ಮಾತ್ರ ಬಿಡತ್ತೆ ಅಂದ್ರೆ ನಾಲ್ಕೂವರೆ ಕಿಮೀ ದಾಟತ್ತೆ. ಇದು ಒಂದು ಪದರಕ್ಕೆ, ಬುಶ್‌ವೆಲ್ಡಲ್ಲಿ ಹತ್ತಕ್ಕೂ ಮೇಲೆ ಇದಾವೆ.

ಬುಶ್‌ವೆಲ್ಡ್ ದೊಡ್ಡದು ಅಂತ ಹೇಗೋ ಒಪ್ಕೊಬಹುದು. ಫಿನ್ಲೆಂಡಿನ ಕೆಮಿ ನೋಡಿ, ಇಡೀ ಶಿಲೆ ಉದ್ದ 15 ಕಿಮೀ, ಅಗಲ ಎರಡು ಕಿಮೀ ಕೂಡ ದಾಟಲ್ಲ, ಅದರಲ್ಲಿ ಕ್ರೋಮೈಟ್ ಪದರ ಕೆಲವು ಕಡೆ ಹತ್ತಾರು ಮೀಟರ್ ದಪ್ಪ! ಅಲ್ಲೇ ನಿಂತ ಶಿಲಾಪಾಕದಿಂದ ಇದು ಸಾಧ್ಯನೇ ಇಲ್ಲ. ಹಾಗಾಗಿ ಅದೊಂದು ಮುಚ್ಚಿದ ಹೊಂಡ ಆಗಿರಲಿಲ್ಲ, ಶಿಲಾಪಾಕ ಒಂದು ಕಡೆಯಿಂದ ಬಂದು ಕ್ರೋಮೈಟ್ ಬಿಟ್ಟು ಇನ್ನೊಂದು ಕಡೆಯಿಂದ ಮೇಲಕ್ಕೆ ಹರಿದು ಹೋಗ್ತಿದ್ದ ದಾರಿ ಅನ್ನೋ ವಾದ ಬಲವಾಗಿ ನಿಂತಿದೆ. ಅಂದಹಾಗೆ ಕೆಮಿಯ ಅದಿರು ಗೊತ್ತಾಗಿದ್ದು 1959ರಲ್ಲಿ, ನೀರಲ್ಲಿ ಮುಳುಗಿ ಕೆಲಸ ಮಾಡೋ ಒಬ್ಬ ಡೈವರ್‌ಗೆ ಸಿಕ್ಕ ಕಲ್ಲಿನಿಂದ.

ಹರಳುಗಳು ಬೇರೆ ಕಡೆ ಹುಟ್ಟಿ ಆಮೇಲೆ ಬಂದು ಕೂತಿರಬಹುದಾ?

ಇರಬಹುದು, ಇದನ್ನ ಈಗ ತುಂಬಾ ಜನ ಗಂಭೀರವಾಗಿ ತಗೋತಾರೆ. ಶಿಲಾಪಾಕ ಬರೋವಾಗ್ಲೇ ಹರಳು ತುಂಬಿದ ರಾಡಿ ಥರ ಬಂತು, ಅಥವಾ ತಳದಲ್ಲಿ ಕೂತಿದ್ದ ಅರೆಗಟ್ಟಿ ಹರಳಿನ ರಾಶಿ, ತಳದ ನಡುಭಾಗ ಕುಸಿದಾಗ ಇಳಿಜಾರಲ್ಲಿ ಜಾರಿತು, ಆ ಜಾರೋ ಗಲಾಟೆಲಿ ಕ್ರೋಮೈಟ್ ಬೇರೆ ಆಯ್ತು ಅಂತ. ಮೊರದಲ್ಲಿ ಅಕ್ಕಿ ಹಾಕ್ಕೊಂಡು ಅಲ್ಲಾಡಿಸಿದ್ರೆ ಸಣ್ಣ ಕಲ್ಲು, ನುಚ್ಚು ದೊಡ್ಡ ಕಾಳಿನ ಸಂದೀಲಿ ನುಸುಳಿ ತಳಕ್ಕೆ ಹೋಗಲ್ವಾ, ಥೇಟ್ ಅದೇ. ನಿಂತ ದ್ರವದಲ್ಲಿ ಸಣ್ಣದಾಗಿರೋದು ಕ್ರೋಮೈಟಿಗೆ ತೊಡಕಾಗಿತ್ತು, ಅಲುಗಾಡೋ ರಾಡಿಯಲ್ಲಿ ಅದೇ ಸಣ್ಣತನ ಅನುಕೂಲ ಆಗತ್ತೆ, ಸಾಂದ್ರತೆನೂ ಜೊತೆಗೆ ಸೇರತ್ತೆ. ದ್ವಾರ್ಸ್ ನದಿ ಹತ್ರದ ಕವಲುಗಳಿಗೂ ಇದರಿಂದ ಒಂದು ಅರ್ಥ ಸಿಗತ್ತೆ, ಇನ್ನೂ ಮೆತ್ತಗಿದ್ದ ಹರಳಿನ ಹಾಸಿನೊಳಕ್ಕೆ ಕ್ರೋಮೈಟ್ ರಾಡಿ ತೂರಿ ಹೋಗಿದ್ರೆ ಹಾಗೆ ಸೀಳಿ ಸೇರೋದು ಸಹಜ. ಅದನ್ನ ಒಪ್ಪದೇ ಇರೋರು ಹೇಳೋದು, ತಳದ ಕಲ್ಲನ್ನ ಬಿಸಿ ಶಿಲಾಪಾಕ ಅಲ್ಲಲ್ಲಿ ಕರಗಿಸಿ ತಿಂದಿತ್ತು, ಉಳಿದ ತುಂಡುಗಳೇ ಆ ಬಿಳಿ ಮಸೂರಗಳು ಅಂತ. ಒಂದೇ ಬಂಡೆ ಮುಂದೆ ನಿಂತು ಇಬ್ಬರು ಎರಡು ಕಥೆ ಹೇಳ್ತಾರೆ.

ಕೆಳಗಿನ ಪದರ ಹಳೇದು, ಮೇಲಿಂದು ಹೊಸದು ಅನ್ನೋದಾದ್ರೂ ಗ್ಯಾರಂಟಿನಾ?

ಅದೂ ಈಗ ಗ್ಯಾರಂಟಿ ಇಲ್ಲ! ಜೇಮ್ಸ್ ಮುಂಗಾಲ್ ಮತ್ತು ಜೊತೆಗಾರರು 2016ರಲ್ಲಿ ಬುಶ್‌ವೆಲ್ಡಿನ ಜಿರ್ಕಾನ್ ಅನ್ನೋ ಖನಿಜದ ಹರಳುಗಳ ವಯಸ್ಸು ತುಂಬಾ ನಿಖರವಾಗಿ ಅಳೆದು, ಕೆಲವು ಪದರ ತನ್ನ ಮೇಲಿನ ಕಲ್ಲಿಗಿಂತ ಆಮೇಲೆ ಬಂದು ನಡುವೆ ತೂರ್ಕೊಂಡಿರೋ ಹಾಗಿದೆ ಅಂತ ತೋರಿಸಿದ್ರು. ಗಲಾಟೆ ಆಯ್ತು, ಇನ್ನೂ ನಡೀತಿದೆ. ಜಿರ್ಕಾನ್ ಹುಟ್ಟೋದು ತೀರಾ ಕೊನೆಗೆ, ಅಳಿದುಳಿದ ದ್ರವದಲ್ಲಿ, ಹಾಗಿರೋವಾಗ ಅದರ ವಯಸ್ಸು ಪದರದ ವಯಸ್ಸು ಹೇಗಾಗತ್ತೆ ಅನ್ನೋದು ಎದುರಾಳಿಗಳ ಮಾತು, ಅದರಲ್ಲೂ ನ್ಯಾಯ ಇದೆ.

ಹಾಗಾದ್ರೆ ಯಾವ ಥಿಯರಿ ಸರಿ, ಎಕ್ಸಾಮಲ್ಲಿ ಏನು ಬರೀಲಿ?

ಎಕ್ಸಾಮಲ್ಲಿ ಶಿಲಾಪಾಕ ಬೆರೆಯೋದು, ಸಿಲಿಕಾ ಸೇರೋದು, ಒತ್ತಡ, ಆಕ್ಸಿಜನ್ ನಾಲ್ಕೂ ಬರೆದು ಇರ್ವಿನ್ ಗ್ರಾಫ್ ಹಾಕಿ. ನನ್ನ ಅಭಿಪ್ರಾಯ ಕೇಳಿದ್ರೆ, ಒಂದೇ ಕೀಲಿಯಿಂದ ಎಲ್ಲಾ ಬೀಗ ತೆಗೆಯೋಕೆ ಹೋಗಿ ಈ ವಿಷಯದಲ್ಲಿ ಐವತ್ತು ವರ್ಷ ಜಗಳ ಆಗಿದೆ. ಕ್ರೋಮೈಟ್ ಒಂಟಿಯಾಗಿ ಹುಟ್ಟೋದು ಒಂದು ಕೆಲಸ, ಹುಟ್ಟಿದ್ದು ಒಂದು ಕಡೆ ಒಟ್ಟಾಗೋದು ಇನ್ನೊಂದು ಕೆಲಸ. ಬೆರೆಯೋದು, ಒತ್ತಡ ಇವು ಮೊದಲನೇದಕ್ಕೆ ಉತ್ತರ, ರಾಡಿ ಜಾರೋದು, ಹರಿಯೋ ದಾರಿ ಇವು ಎರಡನೇದಕ್ಕೆ. ಒಂದನ್ನೊಂದು ಹೊಡೆದು ಹಾಕಬೇಕಾದ ಅಗತ್ಯ ನನಗಂತೂ ಕಾಣಲ್ಲ.

ಯುಜಿ2ನಲ್ಲಿ ಪ್ಲಾಟಿನಂ ಯಾಕಿದೆ?

ಯುಜಿ2 ಪದರದಲ್ಲಿ ಟನ್ನಿಗೆ ಕೆಲವು ಗ್ರಾಂ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಸಿಗತ್ತೆ. ಕೇಳೋಕೆ ಕಮ್ಮಿ, ದುಡ್ಡಿನ ಲೆಕ್ಕದಲ್ಲಿ ಭರ್ಜರಿ. ಶಿಲಾಪಾಕದಲ್ಲಿ ಗಂಧಕ ಕರಗೋಷ್ಟು ಕರಗಿ ಮಿಕ್ಕಿದ್ದು ಸಲ್ಫೈಡ್ ಹನಿಗಳಾಗಿ ಬೇರೆ ಆದಾಗ ಈ ಲೋಹಗಳು ಆ ಹನಿಗಳನ್ನ ಹುಡುಕ್ಕೊಂಡು ಹೋಗಿ ಸೇರ್ಕೋತವೆ, ಕ್ರೋಮೈಟ್ ಹುಟ್ಟೋ ಜಾಗದಲ್ಲೇ ಇದೂ ಆಗಿದೆ. ರುಥೇನಿಯಂ ಇರೋ ಲಾರೈಟ್ ಅನ್ನೋ ಖನಿಜ ನೇರವಾಗಿ ಕ್ರೋಮೈಟ್ ಹರಳಿನ ಹೊಟ್ಟೇಲೇ ಸಿಗತ್ತೆ. ಯುಜಿ2 ಮೇಲೆ ಮೆರೆನ್ಸ್ಕಿ ರೀಫ್ ಅಂತ ಇನ್ನೊಂದು ಪದರ ಇದೆ, 1924ರಲ್ಲಿ ಹನ್ಸ್ ಮೆರೆನ್ಸ್ಕಿ ಪತ್ತೆ ಮಾಡಿದ್ದು, ಮೊದ್ಲು ಪ್ಲಾಟಿನಂ ಅಂದ್ರೆ ಅದೇ ಆಗಿತ್ತು. ಯುಜಿ2 ಗಣಿಗಳಲ್ಲಿ ಪ್ಲಾಟಿನಂ ತೆಗೆದ ಮೇಲೆ ಉಳಿದ ಪುಡಿಯಿಂದ ಕ್ರೋಮೈಟನ್ನೂ ಬೇರೆ ಮಾಡಿ ಮಾರ್ತಾರೆ, ಒಂದೇ ಕಲ್ಲಿಂದ ಎರಡು ಸಂಪಾದನೆ.

ಈ ಥರ ನಿಕ್ಷೇಪ ಎಲ್ಲಾ ಯಾಕಿಷ್ಟು ಹಳೇದು?

ಅಮೆರಿಕದ ಮೊಂಟಾನಾದ ಸ್ಟಿಲ್‌ವಾಟರ್ 270 ಕೋಟಿ ವರ್ಷ, ಗ್ರೇಟ್ ಡೈಕ್ 257 ಕೋಟಿ ಚಿಲ್ಲರೆ, ಕೆಮಿ 244 ಕೋಟಿ, ಬುಶ್‌ವೆಲ್ಡ್ 205 ಕೋಟಿ ಚಿಲ್ಲರೆ. ಆಗ ಭೂಮಿ ಒಳಗೆ ಬಿಸಿ ಜಾಸ್ತಿ, ಮ್ಯಾಂಟಲ್ (ಭೂಮಿಯ ಹೊರಪದರದ ಕೆಳಗಿನ ದಪ್ಪ ಭಾಗ) ಹೆಚ್ಚು ಕರಗ್ತಿತ್ತು, ಹೆಚ್ಚು ಕರಗಿದಷ್ಟು ಮೆಗ್ನೀಸಿಯಂ ಕ್ರೋಮಿಯಂ ಹೆಚ್ಚಿರೋ ಶಿಲಾಪಾಕ ಸಿಗ್ತಿತ್ತು. ಜೊತೆಗೆ ದಪ್ಪನೆ, ಅಲುಗಾಡದ ಹಳೇ ಖಂಡದ ತುಂಡು ಬೇಕು, ಇಲ್ಲಾಂದ್ರೆ ಪದರ ಕೂತ್ರೂ ಆಮೇಲೆ ಮಡಚಿ ಮುರಿದು ಹೋಗತ್ತೆ. ಈಚಿನದ್ದು ಇಲ್ವೇ ಇಲ್ಲ ಅಂತಲ್ಲ, ಸ್ಕಾಟ್ಲೆಂಡಿನ ರಮ್ ದ್ವೀಪದಲ್ಲಿ 6 ಕೋಟಿ ವರ್ಷದ ಶಿಲೆಯಲ್ಲಿ ಕ್ರೋಮೈಟ್ ಗೆರೆಗಳಿವೆ, ದಪ್ಪ ಕೆಲವೇ ಮಿಮೀ. ಗಣಿಗೆ ಬರಲ್ಲ, ಆದ್ರೆ ಅಧ್ಯಯನಕ್ಕೆ ಸೊಗಸಾದ ಜಾಗ.

ಪಾಡಿಫಾರ್ಮ್ ಕ್ರೋಮೈಟ್ ಅಂತಾರಲ್ಲ, ಅದು ಬೇರೆನಾ?

ಬೇರೆ. ಅದು ಸಾಗರದ ತಳದ ಮ್ಯಾಂಟಲ್ ತುಂಡು ನೆಲದ ಮೇಲೆ ಬಂದು ಕೂತಿರೋ ಕಡೆ, ಅಂದ್ರೆ ಓಫಿಯೊಲೈಟ್‌ಗಳಲ್ಲಿ ಸಿಗೋದು. ಒಮಾನ್, ಟರ್ಕಿ, ಕಜಾಕಿಸ್ತಾನದ ಕೆಂಪಿರ್ಸೈ ಎಲ್ಲಾ ಆ ಜಾತಿ, ನಮ್ಮಲ್ಲಿ ಮಣಿಪುರದ್ದು, ಅಂಡಮಾನ್‌ದು ಕೂಡ. ಅಲ್ಲಿ ಪದರ ಇಲ್ಲ, ಡ್ಯೂನೈಟ್ ಸುತ್ತಿಕೊಂಡಿರೋ ಅಡ್ಡಾದಿಡ್ಡಿ ಗಂಟುಗಳು. ಗಂಟು ಮುಗಿದ್ರೆ ಮುಂದಿನದ್ದು ಎಲ್ಲಿದೆ ಅಂತ ದೇವರೇ ಹೇಳ್ಬೇಕು, ಪದರದ್ದಾದ್ರೆ ಹಾಗಲ್ಲ, ಹಿಡ್ಕೊಂಡು ಹೋಗ್ತಾ ಇರಬಹುದು. ಗಂಟಿನದ್ದರಲ್ಲಿ ಕ್ರೋಮಿಯಂ-ಕಬ್ಬಿಣದ ಅನುಪಾತ ಸಾಮಾನ್ಯವಾಗಿ ಚೆನ್ನಾಗಿರತ್ತೆ, ಬುಶ್‌ವೆಲ್ಡಲ್ಲಿ ಕಬ್ಬಿಣ ಸ್ವಲ್ಪ ಜಾಸ್ತಿನೇ. ಪ್ರಮಾಣದಲ್ಲಿ ಮಾತ್ರ ದಕ್ಷಿಣ ಆಫ್ರಿಕಾದ ಕಡೆಗೆ ಸರಿಸಾಟಿ ಇಲ್ಲ, ಪ್ರಪಂಚದ ಕ್ರೋಮಿಯಂ ಸಂಪನ್ಮೂಲದ ಸುಮಾರು 95% ಆಫ್ರಿಕಾದ ದಕ್ಷಿಣ ಭಾಗ ಮತ್ತು ಕಜಾಕಿಸ್ತಾನ ಸೇರಿಯೇ ಇಟ್ಕೊಂಡಿವೆ ಅಂತ ಅಮೆರಿಕದ ಭೂವೈಜ್ಞಾನಿಕ ಸರ್ವೆಯವರ ಲೆಕ್ಕ.

ಕರ್ನಾಟಕದಲ್ಲಿ ಎಲ್ಲಿದೆ? ನುಗ್ಗೇಹಳ್ಳಿದು ಪದರದ್ದಾ ಗಂಟಿನದ್ದಾ?

ಹಾಸನ ಜಿಲ್ಲೆ ಚನ್ನರಾಯಪಟ್ಟಣದ ಕಡೆ ನುಗ್ಗೇಹಳ್ಳಿ ಶಿಸ್ಟ್ ಪಟ್ಟಿ ಅಂತ ಉದ್ದಕ್ಕೆ, ಕಿರಿದಾಗಿ ಹೋಗತ್ತೆ, ಅದರಲ್ಲಿ ಬೈರಾಪುರ ಮುಖ್ಯವಾದ ಜಾಗ, ಮೈಸೂರು ಮಿನರಲ್ಸ್‌ನವರು ಗಣಿ ನಡೆಸಿದ್ದು ಅಲ್ಲೇ. ಮೈಸೂರು ಹತ್ರ ಸಿಂಧುವಳ್ಳಿ ಕಡೆನೂ ಹಿಂದೆ ಕ್ರೋಮೈಟ್ ತೆಗೆದಿದಾರೆ.

ನುಗ್ಗೇಹಳ್ಳಿ ಶಿಲೆಗಳು 310 ಕೋಟಿ ವರ್ಷದ ಆಸುಪಾಸಿನವು, ಬುಶ್‌ವೆಲ್ಡಿಗಿಂತ ನೂರು ಕೋಟಿ ವರ್ಷ ಹಿರಿಯವು. ಈಗ ಅಲ್ಲಿ ನೋಡಿದ್ರೆ ಕಾಣೋದು ಉದ್ದುದ್ದ ಮಸೂರಗಳು, ಹರಕು ಮುರುಕು ತುಂಡುಗಳು, ನೋಡಿದ ತಕ್ಷಣ ಗಂಟಿನ ಜಾತಿ ಅನ್ಸತ್ತೆ. ಆದ್ರೆ ಅಲ್ಲಿ ಓಫಿಯೊಲೈಟ್ ಲಕ್ಷಣ ಇಲ್ಲ, ಮೂಲದಲ್ಲಿ ಅವು ಪದರದ ಶಿಲೆಗಳು, ಒಂದರ ಮೇಲೊಂದು ಸಿಲ್ ಥರ (ಬೇರೆ ಕಲ್ಲಿನ ಪದರಗಳ ನಡುವೆ ಹಾಸಿನ ಹಾಗೆ ನುಗ್ಗಿದ ಶಿಲೆ) ಬಂದು ಕೂತಿದ್ವು, ಆಮೇಲೆ ಭೂಮಿ ಹಿಂಡಿ ಮಡಚಿ ಎಳೆದು ತುಂಡು ಮಾಡಿದೆ ಅನ್ನೋದು ಅಲ್ಲಿ ಕೆಲಸ ಮಾಡಿರೋ ಸಂಶೋಧಕರ ತೀರ್ಮಾನ. ಆಲಿವೀನ್ ಎಲ್ಲಾ ಸರ್ಪೆಂಟೀನ್ ಆಗಿದೆ, ಟ್ರೆಮೊಲೈಟ್ ಕ್ಲೋರೈಟ್ ಶಿಸ್ಟ್ ಆಗಿದೆ, ಉಳ್ಕೊಂಡಿರೋದು ಕ್ರೋಮೈಟ್ ಹರಳಿನ ತಿರುಳು ಮಾತ್ರ. ಹರಳಿನ ಅಂಚು ಕೂಡ ಬದಲಾಗಿ ಕಬ್ಬಿಣ ಜಾಸ್ತಿ ಆಗಿರತ್ತೆ, ಅದಕ್ಕೆ ಮೈಕ್ರೋಪ್ರೋಬಲ್ಲಿ (ಸಣ್ಣ ಚುಕ್ಕೆಯಲ್ಲಿ ಯಾವ ಧಾತು ಎಷ್ಟಿದೆ ಅಂತ ಅಳೆಯೋ ಯಂತ್ರ) ಅಂಚು ಬಿಟ್ಟು ನಟ್ಟನಡುವಿನ ಚುಕ್ಕೆ ಅಳೀತಾರೆ. ಆ ಅಳತೆಯಿಂದ ಮೂಲ ಶಿಲಾಪಾಕ ಕೊಮಾಟಿಯೈಟ್ ಜಾತಿದು, ಅಂದ್ರೆ ಈಗಿನ ಕಾಲದಲ್ಲಿ ಎಲ್ಲೂ ಉಕ್ಕದಷ್ಟು ಬಿಸಿಯಾದದ್ದು ಅಂತ ಗೊತ್ತಾಗಿದೆ. ಒಂದು ಕೂದಲೆಳೆಗಿಂತ ಸಣ್ಣ ಚುಕ್ಕೆಯಿಂದ ಇಷ್ಟು ಹೇಳಬಹುದು ಅನ್ನೋದು ನನಗೆ ಇವತ್ತಿಗೂ ಸೋಜಿಗ.

ನುಗ್ಗೇಹಳ್ಳಿಗೆ ಹೋದ್ರೆ 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಸ್ಥಾನನೂ ನೋಡ್ಕೊಂಡು ಬನ್ನಿ. ಹೊಯ್ಸಳ ಶಿಲ್ಪಿಗಳು ಕೆತ್ತಿದ ಆ ಮೆತ್ತನೆ ಕಲ್ಲೂ ಅಲ್ಟ್ರಾಮೇಫಿಕ್ ಶಿಲೆಗಳು ರೂಪ ಬದಲಾಗಿ ಆದ ಬಳಪದ ಕಲ್ಲಿನ ಬಳಗದ್ದೇ.

ದಾವಣಗೆರೆ ಜಿಲ್ಲೆ ಚನ್ನಗಿರಿ ಕಡೆ ಹನುಮಲಾಪುರ ಅಂತ ಇದೆ, ಅಲ್ಲಿನ ಕ್ರೋಮೈಟ್ ಇರೋ ಅಲ್ಟ್ರಾಮೇಫಿಕ್ ಶಿಲೆಯಲ್ಲಿ ಪ್ಲಾಟಿನಂ ಗುಂಪಿನ ಲೋಹ ಇರೋದೂ ಪತ್ತೆಯಾಗಿದೆ.

ದೇಶದಲ್ಲಿ ಜಾಸ್ತಿ ಇರೋದು ಒಡಿಶಾದಲ್ಲಿ ಅಲ್ವಾ?

ಹೌದು, ಭಾರತದ ಕ್ರೋಮೈಟ್ ಹತ್ರಹತ್ರ ಪೂರ್ತಿ ಒಡಿಶಾದ್ದೇ, ಅದರಲ್ಲೂ ಜಾಜಪುರ ಜಿಲ್ಲೆಯ ಸುಕಿಂದ ಕಣಿವೆ. ಅದೂ ನುಗ್ಗೇಹಳ್ಳಿಯಷ್ಟೇ ಹಳೇ ಕಾಲದ ಪದರ. ಅಲ್ಲಿ ಲ್ಯಾಟರೈಟ್ ಮುಚ್ಚಿಕೊಂಡು ಕಲ್ಲು ಎಷ್ಟು ಕೊಳೆತಿದೆ ಅಂದ್ರೆ ಎಷ್ಟೋ ಕಡೆ ಅದಿರು ಪುಡಿಪುಡಿಯಾಗೇ ಸಿಗತ್ತೆ. ಹಿಂದೆನೇ ತೊಂದರೆನೂ ಇದೆ: ಅದಿರಲ್ಲಿರೋ ಮೂರು ವೇಲೆನ್ಸಿ ಕ್ರೋಮಿಯಂ ಅಷ್ಟು ಅಪಾಯದ್ದಲ್ಲ, ಮಣ್ಣಲ್ಲಿರೋ ಮ್ಯಾಂಗನೀಸ್ ಆಕ್ಸೈಡ್ ತಾಗಿ ಅದು ಆರು ವೇಲೆನ್ಸಿಗೆ ಹೋದ್ರೆ ನೀರಲ್ಲಿ ಕರಗತ್ತೆ, ವಿಷ, ಕ್ಯಾನ್ಸರ್ ತರೋ ಜಾತಿ. 2007ರಲ್ಲಿ ಬ್ಲಾಕ್‌ಸ್ಮಿತ್ ಇನ್‌ಸ್ಟಿಟ್ಯೂಟ್ ಮಾಡಿದ ಪ್ರಪಂಚದ ಅತಿ ಕಲುಷಿತ ಹತ್ತು ಜಾಗಗಳ ಪಟ್ಟಿಯಲ್ಲಿ ಸುಕಿಂದ ಇತ್ತು.

ಪದರ ನೆಟ್ಟಗೆ ಹೋಗತ್ತೆ ಅಂದ್ರೆ ಗಣಿ ಕೆಲಸ ಸುಲಭ ಇರ್ಬೇಕಲ್ಲ?

ಪೇಪರ್ ಮೇಲೆ ಸುಲಭ. ಬುಶ್‌ವೆಲ್ಡಲ್ಲಿ ಪಾಟ್‌ಹೋಲ್ ಅಂತ ಒಂದು ಕಾಟ ಇದೆ, ನಮ್ಮ ರೋಡಿಂದಲ್ಲ, ಪದರ ಇದ್ದಕ್ಕಿದ್ದ ಹಾಗೆ ದುಂಡನೆ ಗುಂಡಿಯಾಗಿ ಕೆಳಗಿನ ಕಲ್ಲನ್ನ ಕೊರ್ಕೊಂಡು ಇಳಿದುಬಿಟ್ಟಿರತ್ತೆ, ಸುರಂಗ ತೋಡ್ತಾ ಇದ್ದೋರ ಎದುರಿಗೆ ಅದಿರು ಮಾಯ. ಯುಜಿ2 ಮೇಲ್ಛಾವಣಿಲಿ ಸಣ್ಣ ಸಣ್ಣ ಕ್ರೋಮೈಟ್ ಎಳೆಗಳಿರತ್ತೆ, ಕಲ್ಲು ಆ ಎಳೆಗಳಲ್ಲೇ ಬಿಟ್ಕೊಂಡು ಚಪ್ಪಡಿಯಾಗಿ ಮೇಲಿಂದ ಬೀಳೋ ಅಪಾಯ, ಅದಕ್ಕೆ ಬೋಲ್ಟ್ ಹೊಡೆದು ಹಿಡಿದಿಡಬೇಕು. ಗ್ರೇಟ್ ಡೈಕ್ ಕಥೆ ಬೇರೆ, 550 ಕಿಮೀ ಉದ್ದ ಇದೆ, ಆದ್ರೆ ಬಹಳಷ್ಟು ಪದರ ಒಂದು ಗೇಣಿನ ಆಸುಪಾಸು ದಪ್ಪ, ಅಷ್ಟಕ್ಕೋಸ್ಕರ ಎಷ್ಟು ಬರೀ ಕಲ್ಲು ತೆಗೀಬೇಕು ನೋಡಿ.

ನಮ್ಮ ಹೊಲದಲ್ಲಿ ಕಪ್ಪನೆ ಭಾರದ ಕಲ್ಲು ಸಿಕ್ಕಿದೆ, ಕ್ರೋಮೈಟಾ ಅಂತ ಹೇಗೆ ನೋಡೋದು?

ಈ ಪ್ರಶ್ನೆ ಚನ್ನರಾಯಪಟ್ಟಣ, ಅರಸೀಕೆರೆ ಕಡೆಯೋರು ಕೇಳಿದ್ರೆ ಅರ್ಥ ಇದೆ. ಗ್ಲೇಜ್ ಇಲ್ಲದ ಬಿಳಿ ಟೈಲಿನ ಹಿಂಬದಿಗೆ ಗೀಚಿ ನೋಡಿ. ಗೆರೆ ಕಂದು ಬಣ್ಣ ಬಂದ್ರೆ ಕ್ರೋಮೈಟ್ ಇರಬಹುದು, ಕಪ್ಪು ಬಂದ್ರೆ ಮ್ಯಾಗ್ನೆಟೈಟ್, ಕೆಂಪು ಬಂದ್ರೆ ಹೆಮಟೈಟ್. ಆಮೇಲೆ ಅಯಸ್ಕಾಂತ ಹಿಡೀರಿ, ಮ್ಯಾಗ್ನೆಟೈಟ್ ಗಬಕ್ಕನೆ ಅಂಟ್ಕೊಳತ್ತೆ, ಕ್ರೋಮೈಟ್ ಅಷ್ಟಕ್ಕಷ್ಟೆ. ಸರ್ಪೆಂಟಿನೈಟ್ ಒಳಗಿನ ಹಳೇ ಕ್ರೋಮೈಟಿಗೆ ಅಂಚಲ್ಲಿ ಕಬ್ಬಿಣ ಜಾಸ್ತಿ ಆಗಿರತ್ತೆ ಅಂದ್ನಲ್ಲ, ಅಂಥದ್ದು ಅಯಸ್ಕಾಂತಕ್ಕೆ ಸ್ವಲ್ಪ ಜಾಸ್ತಿನೇ ಎಳೀಬಹುದು, ಹಾಗಾಗಿ ಅಯಸ್ಕಾಂತಕ್ಕಿಂತ ಗೆರೆ ಬಣ್ಣ ನಂಬಿ. ಅದೇ ನುಗ್ಗೇಹಳ್ಳಿ ಪಟ್ಟಿಯಲ್ಲಿ ತಗಡೂರು ಕಡೆ ಟೈಟೇನಿಯಂ, ವನೇಡಿಯಂ ಇರೋ ಮ್ಯಾಗ್ನೆಟೈಟ್ ಕೂಡ ಇದೆ, ಅದೂ ಕಪ್ಪು, ಅದೂ ಭಾರ, ಕಣ್ಣಲ್ಲಿ ನೋಡಿ ಹೇಳೋಕೆ ಹೋದ್ರೆ ಯಾಮಾರೋದು ಗ್ಯಾರಂಟಿ. ಗೆರೆ ಕಂದು ಬಂದಿದ್ರೆ ಒಂದು ತುಂಡು ಒಡೆದು, ಎಲ್ಲಿ ಸಿಕ್ತು ಅಂತ ಗುರುತು ಬರೆದು, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಆಫೀಸಲ್ಲಿ ತೋರಿಸಿ. ಕ್ರೋಮಿಯಂ ಎಷ್ಟು ಪರ್ಸೆಂಟ್ ಅನ್ನೋದು ಲ್ಯಾಬ್ ಟೆಸ್ಟಲ್ಲೇ ಗೊತ್ತಾಗೋದು.